ಸರ್ಪಸುತ್ತು

ಮನೆಯಲ್ಲೇ ಇರುವ ದಿನ ಟೈ ಕಟ್ಟಿಕೊಂಡರೆ ಹೆದರಿದವನ ಹಾಗೆ ಕಾಣುತ್ತೇನೋ, ಕಟ್ಟಿಕೊಳ್ಳದಿದ್ದರೆ ಅಸಡ್ಡೆಯವನ ಹಾಗೆ ಕಾಣುತ್ತೇನೋ ಎಂದು ರವಿಶಂಕರ ಕನ್ನಡಿಯ ಮುಂದೆ ನಿಂತಿದ್ದಾಗ ಕೆಳಗಿನ ಕೋಣೆಯಿಂದ ಅವ್ವ ನರಳಿದ್ದು ಕೇಳಿಸಿತು. ನರಳಿದ್ದೂ ಅಲ್ಲ ಅದು. ಉಸಿರನ್ನು ಹಲ್ಲಿನ ಸಂದಿಯಿಂದ ಒಳಗೆಳೆದುಕೊಂಡು, ಎಲ್ಲಿಯೋ ಸಿಕ್ಕಿಕೊಂಡಂತೆ ತಡೆದು, ಮೆಲ್ಲಗೆ ಬಿಡುವ ಸದ್ದು. ಟೈ ಬಿಚ್ಚಿ ಹಾಸಿಗೆಯ ಮೇಲೆಸೆದ. ಇವತ್ತು ರಾಜ್ಯದ ಕಚೇರಿಯಿಂದ ಒಬ್ಬ ಹೆಂಗಸು ಬರುವವಳಿದ್ದಳು, ವಯಸ್ಸಾದವರಿಗೆ ಮನೆಯಲ್ಲಿ ಅನ್ಯಾಯ ಆಗುತ್ತಿದೆಯೇ ಎಂದು ವಿಚಾರಿಸುವ ಕಚೇರಿ. ಆಕೆ ಬರುವ ಹೊತ್ತಿಗೆ ಅವ್ವ ಹೀಗೆ ಸದ್ದು ಮಾಡುತ್ತಿದ್ದರೆ ಹೇಗೆ ಎಂಬ ಯೋಚನೆ ಮೊದಲು ಬಂತು, ಅವ್ವನಿಗೆ ನೋಯುತ್ತಿದೆ ಎಂಬುದು ಆಮೇಲೆ. ಈ ಹಿಂದುಮುಂದು ಅವನಿಗೇ ಗೊತ್ತಾಗಿ, ಯಾರೋ ನೋಡಿಬಿಟ್ಟರೆಂಬಂತೆ ನಲ್ಲಿ ಬಿಟ್ಟು ಮುಖ ತೊಳೆದುಕೊಂಡ. ನೀರಿನ ಸದ್ದಿನಲ್ಲಿ ಅವ್ವನ ಸದ್ದು ಮುಳುಗಿತು. ಸ್ವಲ್ಪ ಹೆಚ್ಚೇ ಹೊತ್ತು ತೊಳೆದುಕೊಂಡ.

ಸರ್ಪಸುತ್ತು ಬಂದು ಹೋದದ್ದು ಹಿಂದಿನ ಚಳಿಗಾಲ. ಅವ್ವ ಕಮಲವ್ವನ ಎಡಮೊಲೆಯ ಕೆಳಗಿನಿಂದ ಬೆನ್ನಿನ ತನಕ ಪಟ್ಟಿಯ ಹಾಗೆ ಗುಳ್ಳೆಗಳೆದ್ದು, ಒಡೆದು, ಒಣಗಿ, ಉದುರಿಹೋದವು. ಗಾಯ ಮಾಯಿತು, ನೋವು ಮಾಯಲಿಲ್ಲ. ನರಗಳಲ್ಲಿ ಉಳಿದುಕೊಂಡಿದೆ, ಕೆಲವರಿಗೆ ಹೀಗಾಗುತ್ತದೆ ಎಂದರು ಡಾಕ್ಟರು. ಅಮೆರಿಕದ ಡೆಟ್ರಾಯಿಟ್ ಹತ್ತಿರದ ವಿಕ್ಸಮ್‌ನಲ್ಲಿ ಕಾರಿನ ಸೀಟು ತಯಾರಿಸುವ ಕಾರ್ಖಾನೆಯಲ್ಲಿ ಗುಣಮಟ್ಟ ನೋಡುವ ಕೆಲಸ ರವಿಶಂಕರನದು. ಹೊಲಿಗೆ ಬಿಟ್ಟಿದ್ದರೆ, ಬಣ್ಣ ಮಾಸಿದ್ದರೆ, ಫೋಮು ಕುಸಿದಿದ್ದರೆ ಬೆರಳಿಟ್ಟು ತೋರಿಸಬಲ್ಲವನಿಗೆ ಕಲೆಯೇ ಇಲ್ಲದ ಕಡೆ ಇರುವ ದೋಷವನ್ನು ಒಪ್ಪಿಕೊಳ್ಳುವುದು ಹೇಗೆಂದು ತಿಳಿಯಲಿಲ್ಲ. "ಗಾಯಾನ ಇಲ್ಲಲ್ಲವ್ವಾ, ನೋವು ಎಲ್ಲಿಂದ ಬರ್ತೈತಿ?" ಎಂದು ಒಂದು ಸಲ ಕೇಳಿದ್ದ. ಕೇಳಿದ್ದು ನಗುತ್ತಲೇ. ಕಮಲವ್ವ ಸೀರೆಯ ಸೆರಗು ಮೈಗೆ ತಾಗದಂತೆ ಒಂದು ಕೈಯಲ್ಲಿ ದೂರ ಹಿಡಿದುಕೊಂಡು, ಅವನನ್ನು ನೋಡಿ, "ಹೌದಪಾ, ಎಲ್ಲಿಂದ ಬರ್ತೈತೋ ಏನೋ" ಎಂದಿದ್ದಳು. ಡಾಕ್ಟರು ಕೊಟ್ಟ ಮಾತ್ರೆಗಳಿಂದ ತಲೆ ತಿರುಗಿ ಬಚ್ಚಲಲ್ಲಿ ಬಿದ್ದಳು. ಮಾತ್ರೆ ನಿಲ್ಲಿಸಿದರು. ಆಮೇಲೆ ಆ ಸದ್ದು ಮನೆಯ ಸದ್ದುಗಳಲ್ಲಿ ಒಂದಾಯಿತು, ಫ್ರಿಜ್ಜಿನದರ ಹಾಗೆ, ಹೀಟರಿನದರ ಹಾಗೆ.

ಬೇಸಗೆಯಲ್ಲಿ ಒಂದು ದಿನ ಆ ಸದ್ದು ನಿಂತಿತು. ಅವ್ವ ಎರಡು ಚಪಾತಿ ತಿಂದಳು, ಹಿತ್ತಿಲಿಗೆ ಹೋಗಿ ಮೆಂತ್ಯದ ಮಡಿಗೆ ನೀರು ಹಾಕಿದಳು. "ನೋಡ್ದ್ಯಾ, ನಾನು ಹೇಳಿರ್ಲಿಲ್ವಾ, ತಾನಾಗೇ ಹೋಗತ್ತೆ ಅಂತ," ಎಂದು ಹೆಂಡತಿ ಶ್ರೀಲತಾಳಿಗೆ ಹೇಳಿದ. ಮೈಸೂರಿನವಳಾದ ಅವಳ ಜೊತೆ ಅವನ ಮಾತೂ ಮೈಸೂರಿನದಾಗಿ ವರ್ಷಗಳಾಗಿದ್ದವು. ಶ್ರೀಲತಾ ಪಾತ್ರೆ ಒರೆಸುತ್ತಾ "ಹೂಂ" ಎಂದಳು. ಆ ಹೂಂ ಎನ್ನುವುದರಲ್ಲಿ ಏನೋ ಇತ್ತೆಂದು ಅವನಿಗೆ ಹೊಳೆದದ್ದು ಬಹಳ ತಡವಾಗಿ. ಮಗಳು ಅಕ್ಷರಾ ಡೆಟ್ರಾಯಿಟ್‌ನ ಆಸ್ಪತ್ರೆಯೊಂದರಲ್ಲಿ ನರ್ಸ್. ಶನಿವಾರ ಬಂದಾಗ ಅಜ್ಜಿಗೆ ಗಮ್ಮಿ ಎನ್ನುವ ಜಗಿಯುವ ಮಿಠಾಯಿಯ ಅರ್ಧ ತುಂಡು ಕೊಟ್ಟಿದ್ದಳು, ಅಂಗಡಿಯಿಂದ ಕಾನೂನು ಪ್ರಕಾರವೇ ಕೊಂಡದ್ದು. "ಆಯಿ, ಇದು ಗಾಂಜಾ ಐತಿ, ಗೊತ್ತಲ್ಲ? ಬ್ಯಾಡಂದ್ರ ಬ್ಯಾಡ," ಎಂದು ತನ್ನ ಹರಕು ಕನ್ನಡದಲ್ಲಿ ಎರಡೆರಡು ಸಲ ಕೇಳಿಯೇ ಕೊಟ್ಟಿದ್ದಳು. ಕಮಲವ್ವ ಅದನ್ನು ಬೆಳಕಿಗೆ ಹಿಡಿದು ನೋಡಿ, ಪೆಪ್ಪರ್ಮಿಂಟಿನ ಹಾಗಿದೆ ಎಂದು ನಕ್ಕು ಬಾಯಿಗೆ ಹಾಕಿಕೊಂಡಿದ್ದಳು. ಶ್ರೀಲತಾ ಪಕ್ಕದಲ್ಲೇ ಇದ್ದಳು. ಇಡೀ ಬೇಸಗೆ ಮನೆಯಲ್ಲಿ ಮೂವರು ಹೆಂಗಸರಿಗೆ ಗೊತ್ತಿದ್ದದ್ದು ಅವನೊಬ್ಬನಿಗೆ ಗೊತ್ತಿರಲಿಲ್ಲ. ತಾನಾಗೇ ಹೋಯಿತು, ತಾನಾಗೇ ಹೋಯಿತು ಎಂದು ಅವನು ಊಟದ ಮೇಜಿನಲ್ಲಿ ಹೇಳುತ್ತಿದ್ದಾಗಲೆಲ್ಲ ಅವರು ಹೇಗೆ ಒಬ್ಬರನ್ನೊಬ್ಬರು ನೋಡದೆ ಉಳಿದಿರಬೇಕು ಎಂಬುದನ್ನು ಈಗಲೂ ಅವನು ಊಹಿಸಿಕೊಳ್ಳುತ್ತಿದ್ದ, ಊಹಿಸಿಕೊಂಡಾಗಲೆಲ್ಲ ಕಿವಿ ಬಿಸಿಯಾಗುತ್ತಿತ್ತು.

ಗೊತ್ತಾದದ್ದು ಟೆರೆನ್ಸ್‌ನಿಂದ. ಕಾರ್ಖಾನೆಯ ಹೊಲಿಗೆ ವಿಭಾಗದ ಸೂಪರ್‌ವೈಸರ್, ಡೆಟ್ರಾಯಿಟ್‌ನ ಕರಿಯ, ಹಿಂದೆ ಎಂದೂ ಅವನ ಜೊತೆ ಊಟಕ್ಕೆ ಕೂತವನಲ್ಲ. ಅಂದು ತಟ್ಟೆ ಹಿಡಿದುಕೊಂಡು ಬಂದು ಎದುರು ಕೂತು, ಫೋನು ಮುಂದೆ ಚಾಚಿ, ಇದು ನಿನ್ನ ತಾಯಿಯೇ ಎಂದು ಕೇಳಿದ. ಅಕ್ಷರಾಳ ಗೆಳೆಯರ ಗುಂಪೊಂದು ಕರಿಯರ, ಕಂದುಬಣ್ಣದವರ ಮನೆಗಳಲ್ಲಿ ಗಾಂಜಾದ ಬಗ್ಗೆ ಯಾರೂ ಆಡದ ಮಾತುಗಳನ್ನು ಆಡಿಸಿ ವಿಡಿಯೊ ಮಾಡುತ್ತಿತ್ತು. ನೀಲಿ ಪರದೆ, ಮರದ ಕುರ್ಚಿ. ಟೆರೆನ್ಸ್‌ನ ಚಿಕ್ಕಪ್ಪ ಅದೇ ಕುರ್ಚಿಯಲ್ಲಿ ಕೂತು, ಜೇಬಿನಲ್ಲಿ ಒಂದು ಚಿಟಿಕೆ ಸಿಕ್ಕಿದ್ದಕ್ಕೆ ತಾನು ಜೈಲಿನಲ್ಲಿ ಕಳೆದ ವರ್ಷಗಳನ್ನು ಹೇಳಿದ್ದ. ಅವನ ನಂತರ ಅದೇ ಕುರ್ಚಿಯಲ್ಲಿ ಇಳಕಲ್ ಸೀರೆ, ಹಣೆಯಲ್ಲಿ ವಿಭೂತಿ, ಅವ್ವ. "ನಮ್ಮೂರ ಮಠದ ಹಿಂದ ಸಾಧುಗಳು ಸೇದತಿದ್ರು. ಅದರಿಂದ ಸತ್ತವರನ್ನ ನಾ ನೋಡಿಲ್ಲ. ಸೆರಿ ಕುಡದು ಸತ್ತವರನ್ನ ಭಾಳ ಮಂದೀನ ನೋಡೇನಿ," ಎಂದು ಶುರುಮಾಡಿ, ಸರ್ಪಸುತ್ತಿನ ಸಂಗತಿ ಹೇಳಿ, ಕೊನೆಗೆ ಸೆರಗು ಸರಿಮಾಡಿಕೊಂಡು, ಯಾರ ಮೇಲೂ ದೂರಿಲ್ಲದವಳ ಧ್ವನಿಯಲ್ಲಿ ಅವಳು ಹೇಳಿದ್ದಳು: "ನಮ್ಮ ಮನ್ಯಾಗ ನಾ ನರಳಿದ್ರ ಯಾರಿಗೂ ಕೇಳಸಂಗಿಲ್ಲ. ಇದನ್ನ ತಿಂದ ದಿನ ನನಗೂ ಕೇಳಸಂಗಿಲ್ಲ." ಕೆಳಗೆ ಇಂಗ್ಲಿಷಿನಲ್ಲಿ ಅಷ್ಟೂ ಮಾತು ಬಿಳಿಯ ಅಕ್ಷರಗಳಲ್ಲಿ ಮೂಡಿ ಹೋಯಿತು. ಟೆರೆನ್ಸ್‌ನ ಕಣ್ಣು ಒದ್ದೆಯಾಗಿತ್ತು. ಬಹಳ ಧೈರ್ಯದ ಹೆಂಗಸು ಎಂದ. "ಅವಳಿಗೆ ಇಂಗ್ಲಿಷ್ ಬರೋದಿಲ್ಲ," ಎಂದು ರವಿಶಂಕರ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟ, ಅದೇನೋ ಉತ್ತರವೆಂಬಂತೆ. ಟೆರೆನ್ಸ್ ಫೋನು ಜೇಬಿಗಿಟ್ಟುಕೊಂಡು, ಊಟ ಮುಗಿಸಿ ಎದ್ದುಹೋದ.

ಗಾಂಜಾ ಅವನನ್ನು ಅಷ್ಟು ಚುಚ್ಚಿರಲಿಲ್ಲ ಎಂಬುದು ಅವನಿಗೆ ಒಳಗೊಳಗೇ ಗೊತ್ತಿತ್ತು. ಯಾರಿಗೂ ಕೇಳಸಂಗಿಲ್ಲ. ಆ ಮಾತು ಚುಚ್ಚಿತ್ತು. ಆದರೆ ಅದರ ಮೇಲೆ ಸಿಟ್ಟು ಮಾಡಿಕೊಂಡರೆ ಅದು ನಿಜವೆಂದು ಒಪ್ಪಿಕೊಂಡಂತೆ. ಗಾಂಜಾದ ಮೇಲೆ ಸಿಟ್ಟು ಮಾಡಿಕೊಳ್ಳುವುದು ಸುಲಭ, ಮರ್ಯಾದಸ್ಥರ ಸಿಟ್ಟು ಅದು. ಪಕ್ಕದ ಊರಾದ ನೋವೈಯಲ್ಲಿ ತಿರುಮಲೇಶರ ಮನೆಯ ದಸರೆಯ ಗೊಂಬೆ ಪೂಜೆಗೆ ಹೋದಾಗ ಆ ಸಿಟ್ಟಿಗೆ ಒಂದು ಆಕಾರ ಬಂತು. ಹೆಂಗಸರು ಮೇಲೆ ಆರತಿಯಲ್ಲಿದ್ದರು, ಗಂಡಸರು ಬೇಸ್‌ಮೆಂಟಿನಲ್ಲಿ. ಹೃದಯದ ಡಾಕ್ಟರಾದ ತಿರುಮಲೇಶ ಎಲ್ಲರ ಗ್ಲಾಸಿಗೂ ತನ್ನ ಕೈಯಾರೆ ಸ್ಕಾಚ್ ಬಗ್ಗಿಸುತ್ತಾ, "ಏನ್ ರವಿ, ತಾಯಿಯವರು ಡೆಟ್ರಾಯಿಟ್‌ನಲ್ಲಿ ಫೇಮಸ್ ಆಗ್ಬಿಟ್ರು! ನಮ್ಮ ಅತ್ತೆಗೂ ಮಂಡಿನೋವು ಕಣಪ್ಪಾ, ಒಂದು ಡಬ್ಬಿ ಕಳಿಸಿಕೊಡಿ ಅಂತ ಹೇಳಪ್ಪ," ಎಂದ. ಎಲ್ಲರೂ ನಕ್ಕರು. ರವಿಶಂಕರನೂ ನಕ್ಕ, ಎಲ್ಲರಿಗಿಂತ ಒಂದು ಕ್ಷಣ ಹೆಚ್ಚು. ಆಮೇಲೆ ತಿರುಮಲೇಶ ಅವನ ಹೆಗಲ ಮೇಲೆ ಕೈಯಿಟ್ಟು, ಧ್ವನಿ ತಗ್ಗಿಸಿ, "ಸೀರಿಯಸ್ಸಾಗಿ ಕೇಳ್ತಿದೀನಿ, ಮನೇಲಿ ಎಲ್ಲಾ ಸರಿ ಇದೆ ತಾನೆ? ಅಮ್ಮನ್ನ ನೋಡ್ಕೊಳ್ಳೋದು ಕಷ್ಟ ಆಗ್ತಿದ್ರೆ ಹೇಳಪ್ಪ," ಎಂದಾಗ ಅವನ ಉಸಿರಿನ ಸ್ಕಾಚಿನ ವಾಸನೆ ರವಿಶಂಕರನ ಮುಖಕ್ಕೆ ಬಡಿಯಿತು. ಆ ಕರುಣೆಯನ್ನು ತಾಳಿಕೊಳ್ಳಲಾಗಲಿಲ್ಲ. "ಅವ್ವಂಗೆ ಅದೇನು ಅಂತಾನೇ ಗೊತ್ತಿಲ್ಲ ಸಾರ್. ಹುಡುಗರು ಏನೋ ಕೊಟ್ಟಿದಾರೆ, ಏನೋ ಹೇಳಿಸಿದಾರೆ," ಎಂದ. ಹೇಳಿದ ಮೇಲೆ ಅದು ಎಷ್ಟು ಸಲೀಸಾಗಿ ಬಂತೆಂದು ಅವನಿಗೇ ಆಶ್ಚರ್ಯವಾಯಿತು. ಎಲ್ಲರೂ ತಲೆದೂಗಿದರು. ಪಾಪ, ಹಾಗೋ ಎಂದರು. ಮನೆಗೆ ಬರುವಾಗ ಹೆದ್ದಾರಿಯಿಂದ ಇಳಿಯುವ ಎಕ್ಸಿಟ್ ತಪ್ಪಿ ಮೈಲಿಗಟ್ಟಲೆ ಮುಂದೆ ಹೋದ.

ಮರುದಿನ ಅವ್ವನ ಕಪಾಟಿನಿಂದ ಗಮ್ಮಿಯ ಡಬ್ಬಿ ತೆಗೆದು ಕಸದ ಗಾಡಿ ಬರುವ ಹೊತ್ತಿಗೆ ಹೊರಗಿಟ್ಟ. ಎರಡು ದಿನದಲ್ಲಿ ಸದ್ದು ಮರಳಿತು. ಈ ಸಲ ಅದು ಅವನಿಗೆ ಕೇಳಿಸುತ್ತಿತ್ತು, ಗೋಡೆಯ ಆಚೆಯಿಂದ, ಶವರಿನ ನೀರಿನೊಳಗಿಂದ. ಅವ್ವನ ಬಾಗಿಲ ಹೊರಗೆ ಕಾಲ್ಚೀಲದಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ. ಕೇಳಿಸುತ್ತದೆ, ಕೇಳಿಸುತ್ತದೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ, ಹಾಗೆ ಕೇಳಿಸುವುದೇ ಒಂದು ಸೇವೆಯೆಂಬಂತೆ. ಒಂದು ವಾರ ಹೀಗೆ ಕಳೆದ ಮೇಲೆ ಭಾನುವಾರ ಬೆಳಿಗ್ಗೆ ಶ್ರೀಲತಾ ಪಟೇಲರ ಅಂಗಡಿಗೆ ಹೋಗಿದ್ದಾಗ ಫೋನು ಹಿಡಿದುಕೊಂಡು ಅವ್ವನ ಕೋಣೆಗೆ ಹೋದ.

"ಅವ್ವಾ, ಇನ್ನೊಂದು ವಿಡಿಯೊ ಮಾಡೋಣು. ಸಣ್ಣದು."

"ಏನಂತ ಹೇಳಬೇಕು ಹೇಳು."

ಹೇಳಿಕೊಟ್ಟ. ತಿಂದದ್ದು ಏನೆಂದು ಗೊತ್ತಿರಲಿಲ್ಲ. ಮೊಮ್ಮಗಳು ಕೊಟ್ಟಳು, ಪೆಪ್ಪರ್ಮಿಂಟೆಂದು ತಿಂದೆ. ಮಗ ಚೆನ್ನಾಗಿ ನೋಡಿಕೊಳ್ಳುತ್ತಾನೆ. ಕಮಲವ್ವ ಪಾಠ ಒಪ್ಪಿಸುವ ಹುಡುಗಿಯ ಹಾಗೆ ಕಣ್ಣು ಮುಚ್ಚಿ ಒಂದು ಸಲ ಹೇಳಿ ನೋಡಿದಳು. ವಿಭೂತಿ ಹಚ್ಚಿಕೊಳ್ಳಲೇನು ಎಂದು ಕೇಳಿದಳು. ಹಚ್ಚಿಕೊಂಡು, ಎಡಪಕ್ಕ ಗೋಡೆಗೆ ತಾಗದಂತೆ ಕೂತು, ಎಲ್ಲಿಯೂ ತಡವರಿಸದೆ ಎಲ್ಲವನ್ನೂ ಹೇಳಿದಳು. ಮಗ ಚೆನ್ನಾಗಿ ನೋಡಿಕೊಳ್ಳುತ್ತಾನೆ ಎನ್ನುವಲ್ಲಿ ಕ್ಯಾಮೆರಾ ನೋಡದೆ ಅವನನ್ನು ನೋಡಿದಳು.

"ಸರಿ ಹೇಳಿದ್ನೇನೋ?"

"ಭಾಳ ಛಲೋ ಹೇಳಿದಿ."

ಅವಳ ಮುಖ ಅರಳಿತು. ಅಂಗೈ ಚಾಚಿದಳು. "ಕೊಡು ಹಂಗಾದ್ರ."

"ಏನು?"

"ಆ ಪೆಪ್ಪರ್ಮಿಂಟೋ. ನೀ ಹೇಳಿದಂಗ ಹೇಳಿದ್ನಲ್ಲ. ಅರ್ಧ ಸಾಕು."

ಆ ಅಂಗೈ ಅವನ ಮುಂದೆ ಹಾಗೆಯೇ ಇತ್ತು. ಅದು ಮುಗಿಯಿತವ್ವಾ, ಇನ್ನು ಸಿಗುವುದಿಲ್ಲ ಎಂದ. ಅವಳು ಅಂಗೈಯನ್ನು ತಿರುಗಿಸಿ, ಉಗುರು ನೋಡಿಕೊಳ್ಳುವವಳ ಹಾಗೆ ನೋಡಿಕೊಂಡು, ತೊಡೆಯ ಮೇಲಿಟ್ಟುಕೊಂಡಳು. ಅವನು ಹೊರಗೆ ಬಂದು ವಿಡಿಯೊವನ್ನು ಕನ್ನಡ ಕೂಟದ ಗ್ರೂಪಿಗೆ ಕಳಿಸಿದ. ಕೈಮುಗಿದ ಚಿತ್ರಗಳು ಸಾಲಾಗಿ ಬಂದವು. ತಿರುಮಲೇಶ, "ವೆಲ್ ಡನ್ ರವಿ" ಎಂದು ಬರೆದ. ಶಿಕಾಗೋ ಹತ್ತಿರದ ವುಡ್‌ರಿಡ್ಜ್‌ನ ಗ್ರೂಪಿಗೂ ಯಾರೋ ಕಳಿಸಿದರು, ಅಲ್ಲಿಂದ ಎಲ್ಲೆಲ್ಲಿಗೋ. ಯಾರು, ಯಾವ ಒಳ್ಳೆಯ ಉದ್ದೇಶದಿಂದ ಅದನ್ನು ಅಕ್ಷರಾಳ ಆಸ್ಪತ್ರೆಗೆ ಮುಟ್ಟಿಸಿದರೋ ಕೊನೆಗೂ ತಿಳಿಯಲಿಲ್ಲ. ವಯಸ್ಸಾದ, ಭಾಷೆ ಬಾರದ ಹೆಂಗಸಿಗೆ ಒಬ್ಬ ನರ್ಸು ಗೊತ್ತಿಲ್ಲದಂತೆ ಅಮಲಿನ ಪದಾರ್ಥ ತಿನ್ನಿಸಿದಳು: ಅವನ ಮಾತು ಇಂಗ್ಲಿಷಿಗೆ ಹೋಗಿ ಇಷ್ಟಾಗಿತ್ತು. ಆಸ್ಪತ್ರೆಯವರು ರಾಜ್ಯದ ಕಚೇರಿಗೆ ದೂರು ಕೊಟ್ಟು, ಅಕ್ಷರಾಳನ್ನು ಕೆಲಸದಿಂದ ದೂರ ಇಟ್ಟರು. ಲೈಸೆನ್ಸೇ ಹೋಗಬಹುದೆಂದರು. ಅವಳು ಫೋನು ಮಾಡಿ, ಅಳದೆ, ಇಂಗ್ಲಿಷಿನಲ್ಲಿ, ಆಯಿಯ ಬಾಯಲ್ಲಿ ಅದನ್ನು ಹೇಳಿಸಿದ್ದು ನೀನೇ ತಾನೆ ಡ್ಯಾಡ್ ಎಂದು ಕೇಳಿದಳು. "ಅವಳೇ ಹೇಳಿದ್ದು," ಎಂದ. ಅವಳು ಫೋನಿಟ್ಟಳು. ಶ್ರೀಲತಾ ಬ್ಯಾಗಿಗೆ ಬಟ್ಟೆ ತುಂಬಿಕೊಂಡು ಮಗಳ ಅಪಾರ್ಟ್‌ಮೆಂಟಿಗೆ ಹೊರಟವಳು ಬಾಗಿಲಲ್ಲಿ ತಿರುಗಿ, "ನಿಮ್ಮ ಮಾನ ಉಳೀತಲ್ಲ, ಬಿಡಿ," ಎಂದಳು. ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಇದ್ದಿದ್ದರೆ ಚೆನ್ನಾಗಿತ್ತು.

ಬಾಗಿಲ ಗಂಟೆ ಸದ್ದಾಯಿತು. ಕಚೇರಿಯಿಂದ ಬಂದವಳ ಹೆಸರು ಮಿಸೆಸ್ ಬ್ಯಾಂಕ್ಸ್, ಐವತ್ತು ದಾಟಿದ ಕರಿಯ ಹೆಂಗಸು, ಬಾಗಿಲಲ್ಲಿ ಚಪ್ಪಲಿಗಳ ಸಾಲು ನೋಡಿ ಹೇಳಿಸಿಕೊಳ್ಳದೆ ಬೂಟು ಬಿಚ್ಚಿದಳು. ಅವ್ವನ ಜೊತೆ ಒಬ್ಬಳೇ ಮಾತಾಡಬೇಕೆಂದಳು. ಸೋಫಾದ ಮೇಲೆ ಫೋನಿಟ್ಟು, ಸ್ಪೀಕರ್ ಹಾಕಿ ಕನ್ನಡದ ದುಭಾಷಿಯನ್ನು ಕರೆದಳು. ಎಲ್ಲಿಯದೋ ಊರಿನಿಂದ ಬೆಂಗಳೂರು ಕನ್ನಡದ ಗಂಡಸಿನ ಧ್ವನಿ, "ನಮಸ್ಕಾರ ಅಮ್ಮ. ಇಲ್ಲಿ ಯಾರು ಏನು ಮಾತಾಡಿದರೂ ನಾನು ಹಾಗೇ ಅನುವಾದ ಮಾಡ್ತೀನಿ," ಎಂದಿತು. ಕಮಲವ್ವ ಫೋನಿಗೆ ಕೈಮುಗಿದಳು. "ನನ್ನ ಮಗ ಇಲ್ಲೇ ಇರ್ಲಿ ರಿ. ಅಂವಿಲ್ಲದ ನಾ ಏನೂ ಹೇಳಂಗಿಲ್ಲ," ಎಂದಳು. ಮಿಸೆಸ್ ಬ್ಯಾಂಕ್ಸ್ ಮತ್ತೆ ಕೇಳಿದಳು. ಅವ್ವ ಅದನ್ನೇ ಮತ್ತೆ ಹೇಳಿದಳು. ರವಿಶಂಕರ ಕೂತ. ಎದೆ ಹಗುರಾಯಿತು. ನಿನ್ನೆಯೇ ಹೇಳಿಕೊಟ್ಟಿದ್ದ: ಗೊತ್ತಿತ್ತು ಅಂತ ಹೇಳವ್ವಾ. "ಹೋದ ಸಲ ಗೊತ್ತಿರಲಿಲ್ಲ ಅಂತ ಹೇಳಂದಿ," ಎಂದಿದ್ದಳು. ಹೌದು, ಈಗ ಗೊತ್ತಿತ್ತು ಅನ್ನು, ಅಕ್ಷರಾಳ ನೌಕರಿ ಉಳಿಯಬೇಕು ಎಂದಿದ್ದ. ಹೂಂ ಎಂದಿದ್ದಳು.

"ಅಮ್ಮ, ನಿಮ್ಮ ಮೊಮ್ಮಗಳು ಕೊಟ್ಟಿದ್ದು ಏನು ಅಂತ ನಿಮಗೆ ಗೊತ್ತಿತ್ತಾ ಅಂತ ಕೇಳ್ತಿದಾರೆ," ಎಂದಿತು ಧ್ವನಿ.

ಕಮಲವ್ವ ಎಡಗೈಯನ್ನು ಮೈಯಿಂದ ದೂರ ಹಿಡಿದುಕೊಂಡಿದ್ದಳು. "ನನ್ನ ಮಗ ಭಾಳ ಶಾಣ್ಯಾ ಅದಾನ್ರಿ. ಅಂವನ್ನ ಕೇಳ್ರಿ. ಅಂವಾ ಗೊತ್ತಿತ್ತು ಅಂದ್ರ ಗೊತ್ತಿತ್ತು. ಇಲ್ಲಂದ್ರ ಇಲ್ಲ."

"ಸ್ವಲ್ಪ ಬಿಡಿಸಿ ಹೇಳಿ ಅಮ್ಮ, ಶಾಣ್ಯಾ ಅಂದ್ರೆ?"

"ಜಾಣ ರಿ. ನನಗ ನೋವೈತೋ ಇಲ್ಲೋ ಅನ್ನೂದೂ ಅಂವಗ ಗೊತ್ತಿರ್ತೈತಿ."

ಧ್ವನಿ ಅದನ್ನು ಇಂಗ್ಲಿಷಿಗೆ ತಂದಿತು. ಅಷ್ಟು ಶುದ್ಧವಾಗಿ, ಅಷ್ಟು ಸಪ್ಪಗೆ. ಮಿಸೆಸ್ ಬ್ಯಾಂಕ್ಸ್ ಅವನ ಕಡೆ ತಿರುಗಿದಳು. ನಿಮ್ಮ ತಾಯಿ ಒಂದು ವಿಡಿಯೊದಲ್ಲಿ ಗೊತ್ತಿತ್ತು ಅಂದಿದ್ದಾರೆ, ಇನ್ನೊಂದರಲ್ಲಿ ಇಲ್ಲ ಅಂದಿದ್ದಾರೆ. ಹೀಗೆ ಹೇಳಬೇಕೆಂದು ಯಾರಾದರೂ ಹೇಳಿಕೊಟ್ಟರೇ? ಕೇಳಿದ ರೀತಿಯಲ್ಲಿ ಬೆದರಿಕೆ ಇರಲಿಲ್ಲ. ಅವಳಿಗೆ ಉತ್ತರ ಆಗಲೇ ಅರ್ಧ ಗೊತ್ತಿತ್ತು, ಅವನ ಬಾಯಿಂದ ಬರಲೆಂದು ಜಾಗ ಮಾಡಿಕೊಟ್ಟು ಕಾಯುತ್ತಿದ್ದಳು. ಒಂದೇ ಒಂದು ವಾಕ್ಯ. ನಾನು ಹೇಳಿಸಿದೆ. ಅದು ನಾಲಿಗೆಯ ತುದಿಗೂ ಬಂದಿತ್ತು. ಮಗಳ ನೌಕರಿ, ಹೆಂಡತಿಯ ಬ್ಯಾಗು, ಎಲ್ಲ ಆ ಒಂದು ವಾಕ್ಯಕ್ಕೆ ಮರಳಿ ಬರುವಂತಿದ್ದವು. ಆದರೆ ಆ ವಾಕ್ಯ ಈ ಕೋಣೆಯಿಂದ ಹೊರಟು ಎಲ್ಲಿಗೆಲ್ಲ ಹೋಗುತ್ತದೆಂದು ಅವನು ನೋಡಿದ. ತಿರುಮಲೇಶನ ಬೇಸ್‌ಮೆಂಟು, ಹೆಗಲ ಮೇಲಿನ ಆ ಕೈ. ಊಟದ ಮೇಜಿನಾಚೆ ಟೆರೆನ್ಸ್. ಹೆತ್ತ ತಾಯಿಯ ಬಾಯಲ್ಲಿ ಸುಳ್ಳು ಹೇಳಿಸಿದವನು. ಇನ್ನೊಂದು ದಾರಿ ಇರಲೇಬೇಕೆಂದು ಹುಡುಕುವಾಗ, ಅದು ಅಲ್ಲೇ ಕಾಲ ಬುಡದಲ್ಲೇ ಬಿದ್ದಿತ್ತು. ಅದರಿಂದ ಅಕ್ಷರಾಳೂ ಉಳಿಯುತ್ತಾಳೆ, ತಾನೂ ಉಳಿಯುತ್ತೇನೆ, ಯಾರೂ ಸುಳ್ಳು ಹೇಳಿದಂತಾಗುವುದಿಲ್ಲ. ಇಂಗ್ಲಿಷಿನಲ್ಲಿ, ಆಫೀಸಿನ ಮೀಟಿಂಗಿನ ಧ್ವನಿಯಲ್ಲಿ, ಬೇಗಬೇಗನೆ ಹೇಳಿದ: ನನ್ನ ತಾಯಿಗೆ ನೆನಪು ಹೋಗುತ್ತಿದೆ. ಒಂದು ವರ್ಷವಾಯಿತು. ಅಕ್ಷರಾ ಹೇಳಿಯೇ ಕೊಟ್ಟಿರುತ್ತಾಳೆ, ಇವಳಿಗೆ ನೆನಪಿರುವುದಿಲ್ಲ. ಏನು ಹೇಳುತ್ತಿದ್ದೇನೆಂದು ಇವಳಿಗೇ ತಿಳಿಯುವುದಿಲ್ಲ. ಮನೆಯ ಮಾನದ ಪ್ರಶ್ನೆ, ಯಾರಿಗೂ ಹೇಳಿರಲಿಲ್ಲ.

ಹೇಳಿ ಮುಗಿಸಿ ಅವ್ವನ ಕಡೆ ನೋಡಿ ಸಣ್ಣಗೆ ನಕ್ಕ, ಎಲ್ಲ ಸರಿಹೋಯಿತು ಎನ್ನುವ ಹಾಗೆ. ಅವಳಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಸೋಫಾದ ಮೇಲಿನ ಫೋನನ್ನು ಅವನು ಮರೆತೇಬಿಟ್ಟಿದ್ದ.

"ಅಮ್ಮ," ಎಂದಿತು ಧ್ವನಿ, "ನಿಮ್ಮ ಮಗ ಹೇಳ್ತಿದಾರೆ, ನಿಮಗೆ ಒಂದು ವರ್ಷದಿಂದ ಜ್ಞಾಪಕಶಕ್ತಿ ಹೋಗ್ತಾ ಇದೆಯಂತೆ. ಮೊಮ್ಮಗಳು ಹೇಳಿದ್ದು ನಿಮಗೆ ನೆನಪಿರಲ್ವಂತೆ. ನೀವು ಏನು ಹೇಳ್ತಿದೀರ ಅಂತ ನಿಮಗೇ ತಿಳಿಯಲ್ವಂತೆ. ಮನೆಯ ಮಾನದ ಪ್ರಶ್ನೆ ಅಂತ ಅವರು ಯಾರಿಗೂ ಹೇಳಿರಲಿಲ್ವಂತೆ."

ಕಮಲವ್ವ ಎಲ್ಲವನ್ನೂ ಕೇಳಿಸಿಕೊಂಡಳು. ಮುಖದಲ್ಲಿ ನೋವಿನ ಗೆರೆ ಒಂದು ಬಂದು ಹೋಯಿತು, ಯಾವ ನೋವಿನದೆಂದು ಅವನಿಗೆ ಗೊತ್ತಾಗಲಿಲ್ಲ.

"ಯಾರು ಹೇಳಿದ್ರಂದ್ರಿ?"

"ನಿಮ್ಮ ಮಗ, ಅಮ್ಮ. ಅಲ್ಲೇ ಇದಾರಲ್ಲ."

ಅವಳು ತಿರುಗಿ ರವಿಶಂಕರನನ್ನು ನೋಡಿದಳು. ಕಾಲಿನಿಂದ ತಲೆಯ ತನಕ, ಬಸ್ಸಿನಲ್ಲಿ ಪಕ್ಕದಲ್ಲಿ ಬಂದು ಕೂತವನನ್ನು ನೋಡುವ ಹಾಗೆ ನೋಡಿದಳು. ಸೆರಗು ತಲೆಯ ಮೇಲೆ ಹೊದ್ದುಕೊಂಡಳು.

"ಇವರು ಯಾರ್ರೀ?"

ಧ್ವನಿ ಅದನ್ನು ಇಂಗ್ಲಿಷಿನಲ್ಲಿ ಹೇಳಿತು. ಮಿಸೆಸ್ ಬ್ಯಾಂಕ್ಸಳ ಪೆನ್ನು ನಿಂತಿತು, ಮತ್ತೆ ಓಡಿತು.

"ಅವ್ವಾ, ನಾನಽ," ಎಂದ ರವಿಶಂಕರ. ಧ್ವನಿ ಕರ್ತವ್ಯ ಬಿಡದೆ ಅದನ್ನೂ ಅನುವಾದಿಸಿತು, "ಮದರ್, ಇಟ್ ಈಸ್ ಮಿ."

ಹೋಗುವ ಮುಂಚೆ ಮಿಸೆಸ್ ಬ್ಯಾಂಕ್ಸ್ ಬೂಟು ಹಾಕಿಕೊಳ್ಳುತ್ತಾ ಹೇಳಿದಳು, ನಿಮ್ಮ ಮಗಳ ಮೇಲಿನ ದೂರು ಇದರ ಮೇಲೆ ನಿಲ್ಲಲಾರದು. ಆದರೆ ಇನ್ನು ಮುಂದೆ ಆ ಪದಾರ್ಥವನ್ನು ಇವರಿಗೆ ಯಾರೂ ಕೊಡಕೂಡದು. ಬೇಕು, ಬೇಡ ಎಂದು ತಿಳಿದು ಹೇಳುವ ಸ್ಥಿತಿಯಲ್ಲಿ ಇವರಿಲ್ಲವಲ್ಲ. ಅವಳು ಅವನ ಕಣ್ಣನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡಿದಳು, ಕೈಕುಲುಕಲಿಲ್ಲ.

ಮಧ್ಯಾಹ್ನ ಶ್ರೀಲತಾ, ಅಕ್ಷರಾ ಬಂದರು. ಕಮಲವ್ವ ಮೊಮ್ಮಗಳನ್ನು ದೂರದಿಂದಲೇ ಗುರುತು ಹಿಡಿದು, "ಬಾ ಯವ್ವಾ, ಅಕ್ಷರಾ, ಎಷ್ಟು ಸೊರಗಿದಿ," ಎಂದಳು. ಸೊಸೆಗೆ, ಮೆಂತ್ಯದ ಮಡಿ ಒಣಗಿದೆ ನೋಡು ಎಂದಳು. ಒಲೆಯ ಮೇಲೆ ಹಾಲಿಟ್ಟದ್ದು ನೆನಪಿತ್ತು, ಬರುವ ಸೋಮವಾರ ಉಪವಾಸವೆಂಬುದು ನೆನಪಿತ್ತು. ಊಟವಾದ ಮೇಲೆ ನೋವು ಎದ್ದಿತು. ಎಲ್ಲರೂ ಸುತ್ತ ಕೂತಿದ್ದರು, ಯಾರ ಕೈಯಲ್ಲಿಯೂ ಏನೂ ಇರಲಿಲ್ಲ. ಅಕ್ಷರಾ ಎದ್ದು ಕಿಟಕಿಯ ಹತ್ತಿರ ಹೋಗಿ ಬೆನ್ನು ತಿರುಗಿಸಿ ನಿಂತಳು. ರವಿಶಂಕರ ಒಂದು ಸಾದಾ ಮಾತ್ರೆ, ಲೋಟದಲ್ಲಿ ನೀರು ತಂದು ಅವ್ವನ ಮುಂದೆ ಮೊಣಕಾಲೂರಿ ಕೂತ. ಕಮಲವ್ವ ಉಸಿರನ್ನು ಹಲ್ಲಿನ ಸಂದಿಯಲ್ಲಿ ಹಿಡಿದುಕೊಂಡೇ ಲೋಟವನ್ನು ಎರಡೂ ಕೈಯಿಂದ ತೆಗೆದುಕೊಂಡಳು.

"ನಿಮಗ್ಯಾಕ ತ್ರಾಸು ರಿ," ಎಂದಳು. "ಹೊತ್ತಾತು. ನಿಮ್ಮವ್ವ ಹಾದಿ ನೋಡತಿರಬೇಕು, ಮನಿಗೆ ಹೋಗ್ರಿ."